ಊರವರು ಉಣ್ಣುವಲ್ಲಿ ಉಣ್ಣುವುದು: ಹೊಸ ನಗರದಲ್ಲಿ ಒಳ್ಳೆಯ ಹೋಟೆಲನ್ನು ಕೇಳಿ ತಿಳಿಯುವ ಬಗೆ

ಹೊಸ ನಗರಕ್ಕೆ ಕಾಲಿಟ್ಟ ದಿನ ಸಂಜೆಯೊಳಗೆ ಎದುರಾಗುವ ಪ್ರಶ್ನೆ ಊಟದ್ದು. ಕೈಯಲ್ಲಿರುವ ಮೊಬೈಲಿನಲ್ಲಿ ನೂರಾರು ಹೋಟೆಲುಗಳ ಹೆಸರುಗಳೂ ಅವುಗಳ ಮುಂದೆ ನಕ್ಷತ್ರಗಳೂ ಕಾಣುತ್ತವೆ. ಆದರೂ ನಾಲ್ಕು ಮಂದಿ ರಸ್ತೆಯ ಬದಿಯಲ್ಲಿ ನಿಂತು ಅರ್ಧ ಗಂಟೆ ಪರದೆಯನ್ನು ಉಜ್ಜಿ, ಹಸಿವು ತಡೆಯಲಾರದೆ ಎದುರಿಗೆ ಕಂಡ ಬಾಗಿಲಿಗೆ ನುಗ್ಗಿ, ಹೊರಗೆ ಬಂದ ಮೇಲೆ ಒಬ್ಬರೂ ಊಟದ ಮಾತೆತ್ತದೆ ನಡೆಯುವುದು ಪ್ರವಾಸ ಮಾಡುವವರಿಗೆಲ್ಲ ಪರಿಚಿತವಾದ ದೃಶ್ಯ. ಅದೇ ನಗರದಲ್ಲಿ ವರ್ಷಗಳಿಂದ ಬಾಳುತ್ತಿರುವವರಿಗೆ ಈ ಪೇಚಾಟವಿಲ್ಲ. ಬೆಳಗಿನ ತಿಂಡಿಗೆ ಎಲ್ಲಿ, ಮಳೆ ಹಿಡಿದ ಸಂಜೆಗೆ ಎಲ್ಲಿ, ತಿಂಗಳ ಕೊನೆಯಲ್ಲಿ ಜೇಬು ಬರಿದಾದಾಗ ಎಲ್ಲಿ, ನೆಂಟರು ಬಂದಾಗ ಎಲ್ಲಿ ಎಂಬ ಪಟ್ಟಿ ಅವರ ತಲೆಯಲ್ಲಿ ಸಿದ್ಧವಾಗಿರುತ್ತದೆ.

ಆ ಪಟ್ಟಿಯನ್ನು ಯಾರೂ ಬಚ್ಚಿಟ್ಟುಕೊಂಡಿಲ್ಲ. ತಮ್ಮ ಊರಿನ ಊಟದ ಬಗ್ಗೆ ಕೇಳಿದರೆ ಮೌನವಾಗಿರುವವರೂ ಮಾತಿಗೆ ಇಳಿಯುತ್ತಾರೆ. ತೊಡಕು ಇರುವುದು ಬೇರೆ ಕಡೆ. ಊರಿನ ಪ್ರತಿಯೊಬ್ಬರ ಬಳಿಯೂ ಎರಡು ಪಟ್ಟಿಗಳಿರುತ್ತವೆ. ಒಂದು, ಹೊರಗಿನವರಿಗೆ ಹೇಳುವುದಕ್ಕೆಂದು ಇಟ್ಟುಕೊಂಡ, ಹೆಸರುವಾಸಿಯಾದ, ತಾವು ಹೋಗಿ ವರ್ಷವೆರಡಾದ ಹೋಟೆಲುಗಳದ್ದು. ಇನ್ನೊಂದು, ತಾವೇ ಹಣ ಕೊಟ್ಟು ಮತ್ತೆ ಮತ್ತೆ ಹೋಗುವ ಹೋಟೆಲುಗಳದ್ದು. ಸಾಮಾನ್ಯವಾದ ಪ್ರಶ್ನೆಗೆ ಮೊದಲನೆಯ ಪಟ್ಟಿ ಹೊರಬರುತ್ತದೆ. ಎರಡನೆಯದನ್ನು ಹೊರತೆಗೆಯುವುದಕ್ಕೆ ಯಾರನ್ನು, ಯಾವಾಗ, ಯಾವ ಮಾತಿನಲ್ಲಿ ಕೇಳಬೇಕು ಎಂಬುದನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ವಿವರಿಸಿದ್ದೇನೆ.

ಹೊರಡುವ ಮೊದಲೇ ಒಂದು ಎಚ್ಚರಿಕೆ. ಉಣ್ಣುವ ಜಾಗವನ್ನು ಹೋಟೆಲ್ ಎಂದು ಕರೆಯುವುದು ನಮಗೆ ಎಷ್ಟು ಸಹಜವಾಗಿದೆಯೆಂದರೆ, ಆ ಪದಕ್ಕೆ ಬೇರೆಡೆ ತಂಗುವ ಜಾಗವೆಂಬ ಅರ್ಥವೇ ಮುಖ್ಯವೆಂಬುದು ಮರೆತುಹೋಗುತ್ತದೆ. ದೂರದ ದೇಶದಲ್ಲಿ ‘ಒಳ್ಳೆಯ ಹೋಟೆಲ್ ಎಲ್ಲಿದೆ’ ಎಂದು ಕೇಳಿದರೆ ಹಸಿದ ಹೊಟ್ಟೆಯಲ್ಲಿ ಹಾಸಿಗೆಯ ಮುಂದೆ ನಿಲ್ಲಬೇಕಾದೀತು. ಅಲ್ಲಿ ರೆಸ್ಟೋರೆಂಟ್ ಎಂದೋ ಊಟದ ಅಂಗಡಿ ಎಂದೋ ಬಿಡಿಸಿ ಹೇಳಬೇಕು.

ಮೊದಲ ಹೆಜ್ಜೆ: ‘ಒಳ್ಳೆಯದು’ ಎಂಬುದನ್ನು ಬಿಡಿಸಿಕೊಳ್ಳಿ

ಕೇಳುವವರಿಗೆ ತಮಗೇನು ಬೇಕೆಂಬುದು ಗೊತ್ತಿಲ್ಲದಿದ್ದರೆ ಹೇಳುವವರೂ ಅಂದಾಜಿನ ಮೇಲೆ ಹೇಳುತ್ತಾರೆ. ಎಷ್ಟು ಜನ, ಎಷ್ಟು ಹೊತ್ತು, ಎಷ್ಟು ಖರ್ಚು, ನಡೆದು ಹೋಗಬೇಕೆ ಇಲ್ಲವೆ ವಾಹನವಿದೆಯೆ, ಯಾವುದನ್ನು ತಿನ್ನುವುದಿಲ್ಲ ಎಂಬ ಐದನ್ನು ಮನಸ್ಸಿನಲ್ಲಿ ತೀರ್ಮಾನಿಸಿಕೊಂಡರೆ ಸಾಕು. ಇವುಗಳಲ್ಲಿ ಕೊನೆಯದನ್ನು ಮಾತ್ರ ಮೊದಲೇ ಹೇಳಿಬಿಡಬೇಕು, ಏಕೆಂದರೆ ಹತ್ತು ನಿಮಿಷ ಆಸೆಯಿಂದ ವರ್ಣಿಸಿದ ಮೇಲೆ ‘ನಾವು ಅದನ್ನು ತಿನ್ನುವುದಿಲ್ಲ’ ಎಂದರೆ ಹೇಳಿದವರ ಉತ್ಸಾಹ ಇಳಿದುಹೋಗುತ್ತದೆ.

1979ರಲ್ಲಿ ನ್ಯೂಯಾರ್ಕಿನ ಟಿಮ್ ಮತ್ತು ನೀನಾ ಜಗಾಟ್ ಎಂಬ ವಕೀಲ ದಂಪತಿ ತಮ್ಮ ಸ್ನೇಹಿತರಿಂದ ಹೋಟೆಲುಗಳ ಅಭಿಪ್ರಾಯ ಸಂಗ್ರಹಿಸಲು ಆರಂಭಿಸಿದರು. ಊಟದ ಮೇಜಿನ ಹರಟೆಯನ್ನೇ ಲೆಕ್ಕಕ್ಕೆ ಇಳಿಸಿದ ಆ ಪ್ರಯತ್ನ ಮುಂದೆ ದೊಡ್ಡ ಸಮೀಕ್ಷೆಯಾಗಿ ಬೆಳೆಯಿತು. ಅದರಲ್ಲಿ ಅಡುಗೆಗೆ, ಒಳಾಂಗಣಕ್ಕೆ ಮತ್ತು ಸೇವೆಗೆ 30ರ ಅಳತೆಯಲ್ಲಿ ಬೇರೆ ಬೇರೆ ಅಂಕ ಕೊಡುತ್ತಿದ್ದರು. ಹೀಗೆ ಬೇರ್ಪಡಿಸಿದ್ದು ಜಾಣತನ. ಅಡುಗೆ ಅದ್ಭುತವಾಗಿದ್ದು ಬಡಿಸುವವರು ಸಿಡುಕುವ ಹೋಟೆಲುಗಳಿವೆ; ಕುರ್ಚಿ, ದೀಪ, ನಗುಮೊಗ ಎಲ್ಲವೂ ಇದ್ದು ತಟ್ಟೆಯಲ್ಲಿ ಮಾತ್ರ ಏನೂ ಇಲ್ಲದ ಹೋಟೆಲುಗಳೂ ಇವೆ. ನಿಮಗೆ ಮೂರರಲ್ಲಿ ಯಾವುದು ಮುಖ್ಯವೆಂದು ತಿಳಿದಿದ್ದರೆ, ಎದುರಿನವರು ‘ಚೆನ್ನಾಗಿದೆ’ ಎಂದಾಗ ‘ಊಟವೋ, ಜಾಗವೋ?’ ಎಂದು ಮರುಪ್ರಶ್ನೆ ಹಾಕಬಹುದು. ಈ ಒಂದು ಮರುಪ್ರಶ್ನೆಗೇ ಅರ್ಧದಷ್ಟು ಶಿಫಾರಸುಗಳು ಉದುರಿಹೋಗುವುದನ್ನು ನಾನು ಕಂಡಿದ್ದೇನೆ.

ಎರಡನೆಯ ಹೆಜ್ಜೆ: ಯಾರನ್ನು ಕೇಳಬೇಕೆಂಬುದನ್ನು ಆರಿಸಿ

ಮೂರು ಲಕ್ಷಣಗಳಿರುವವರನ್ನು ಹುಡುಕಬೇಕು: ದಿನವೂ ಹೊರಗೆ ತಿನ್ನುವ ಅನಿವಾರ್ಯತೆ ಉಳ್ಳವರು, ತಮ್ಮ ಹಣದಲ್ಲೇ ತಿನ್ನುವವರು, ನೀವು ಎಲ್ಲಿಗೆ ಹೋದರೂ ತಮಗೆ ಲಾಭವಿಲ್ಲದವರು. ಮೂರನೆಯದು ತಪ್ಪಿದರೆ ಮೊದಲಿನ ಎರಡಿದ್ದೂ ಪ್ರಯೋಜನವಿಲ್ಲ.

ಈ ಪಾಠ ನನಗೆ ಪುಕ್ಕಟೆಯಾಗಿ ಸಿಗಲಿಲ್ಲ. ಒಮ್ಮೆ ರಾತ್ರಿ ಒಂಬತ್ತಕ್ಕೆ ಅಪರಿಚಿತ ನಗರವೊಂದನ್ನು ತಲುಪಿ, ತಂಗಿದ್ದ ವಸತಿಗೃಹದ ಮೇಜಿನ ಹಿಂದೆ ಕುಳಿತಿದ್ದ ಯುವಕನನ್ನು ಊಟಕ್ಕೆ ಎಲ್ಲಿಗೆ ಹೋಗಲೆಂದು ಕೇಳಿದೆ. ಅವನು ಒಂದು ಕ್ಷಣವೂ ಯೋಚಿಸದೆ ಡ್ರಾಯರಿನಿಂದ ಒಂದು ಚೀಟಿ ತೆಗೆದು, ಹಿಂಬದಿಯಲ್ಲಿ ತನ್ನ ಹೆಸರು ಗೀಚಿ, ಅದನ್ನು ಅಲ್ಲಿ ತೋರಿಸಿ ಎಂದ. ಚೀಟಿಯ ಮೇಲೆ ಹೆಸರು ಬರೆದದ್ದು ಏತಕ್ಕೆ ಎಂಬುದು ಆಗ ಹೊಳೆಯಬೇಕಿತ್ತು. ಅಲ್ಲಿ ಮೆನು ಹನ್ನೆರಡು ಪುಟವಿತ್ತು, ಮೂವತ್ತು ಮೇಜುಗಳಲ್ಲಿ ನಾನೊಬ್ಬನೇ ಇದ್ದೆ, ಮತ್ತು ಬಟ್ಟಲಿನ ಅಂಚಿನಲ್ಲಿ ಕುದಿಯುತ್ತಿದ್ದ ಸೂಪು ನಡುವಿನಲ್ಲಿ ತಣ್ಣಗಿತ್ತು. ಹೊರಡುವಾಗ ಗಲ್ಲಾದವರು ಆ ಚೀಟಿಯನ್ನು ಜೋಪಾನವಾಗಿ ಒಂದು ಮೊಳೆಗೆ ಚುಚ್ಚಿದರು. ಮೊಳೆಯಲ್ಲಿ ಅಂಥವು ಇನ್ನೂ ಹತ್ತಿಪ್ಪತ್ತು ಇದ್ದವು.

ಆದ್ದರಿಂದ ವಸತಿಗೃಹದ ಸಿಬ್ಬಂದಿಯನ್ನು ಕೇಳುವುದಾದರೆ ಮೇಜಿನ ಹಿಂದಿರುವವರನ್ನು ಬಿಟ್ಟು, ಕೋಣೆ ಗುಡಿಸುವವರನ್ನೋ ರಾತ್ರಿ ಕಾವಲಿನವರನ್ನೋ ಕೇಳಿ. ನಗರ ಸಾರಿಗೆಯ ಚಾಲಕರು, ಪಾರ್ಸೆಲ್ ಹಂಚುವವರು, ಮಾರುಕಟ್ಟೆಯಲ್ಲಿ ತರಕಾರಿ ಇಳಿಸುವವರು, ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮುಗಿಸಿ ಹೊರಡುವ ದಾದಿಯರು ಇವರೆಲ್ಲ ಒಳ್ಳೆಯ ಆಕರಗಳು. ಚಾಲಕರಲ್ಲೂ ಭೇದವಿದೆ: ಪ್ರವಾಸಿಗಳನ್ನು ಸುತ್ತಿಸುವ ಟ್ಯಾಕ್ಸಿಯವರಿಗೆ ಕೆಲವೆಡೆ ಕಮಿಷನ್ ಇರುತ್ತದೆ, ಬಸ್ಸಿನವರಿಗೆ ಇರುವುದಿಲ್ಲ. ಅಡುಗೆಯ ಸಾಮಾನು ಮಾರುವ ಅಂಗಡಿಯವರು ಇನ್ನೂ ಉತ್ತಮ. ಯಾವ ಹೋಟೆಲಿನವರು ದಿನವೂ ತಾಜಾ ಸರಕು ಒಯ್ಯುತ್ತಾರೆ, ಯಾರು ಬಾಡಿದ್ದನ್ನು ಚೌಕಾಶಿ ಮಾಡಿ ಒಯ್ಯುತ್ತಾರೆ ಎಂಬುದು ಅವರಿಗಿಂತ ಚೆನ್ನಾಗಿ ಯಾರಿಗೂ ತಿಳಿಯದು. ಒಂದು ಹೋಟೆಲಿನಲ್ಲಿ ಊಟ ಹಿಡಿಸಿದರೆ ಅಲ್ಲಿ ಬಡಿಸಿದವರನ್ನೇ ‘ನಿಮಗೆ ರಜೆಯಿದ್ದ ದಿನ ಎಲ್ಲಿ ತಿನ್ನುತ್ತೀರಿ’ ಎಂದು ಕೇಳಬಹುದು. ಸ್ವಂತ ಹೋಟೆಲಿನ ಹೆಸರು ಹೇಳುವವರು ಇಲ್ಲವೇ ಇಲ್ಲ ಎನ್ನಬಹುದು.

ಒಬ್ಬರನ್ನೇ ಕೇಳಿ ಹೊರಡಬೇಡಿ. ಪರಸ್ಪರ ಪರಿಚಯವಿಲ್ಲದ, ಬೇರೆ ಬೇರೆ ಕೆಲಸದ ಇಬ್ಬರ ಬಾಯಲ್ಲಿ ಒಂದೇ ಹೆಸರು ಬಂದರೆ ಅನುಮಾನವಿಲ್ಲದೆ ನಡೆಯಿರಿ.

ಮೂರನೆಯ ಹೆಜ್ಜೆ: ಅಭಿಪ್ರಾಯವನ್ನು ಕೇಳಬೇಡಿ, ನಡೆದದ್ದನ್ನು ಕೇಳಿ

ಇಡೀ ವಿಷಯದ ಕೀಲಿ ಇರುವುದು ಇಲ್ಲಿ. ‘ಇಲ್ಲಿ ಅತ್ಯುತ್ತಮ ಹೋಟೆಲ್ ಯಾವುದು?’ ಎಂಬ ಪ್ರಶ್ನೆ ಎದುರಿನವರನ್ನು ತೀರ್ಪುಗಾರರ ಸ್ಥಾನದಲ್ಲಿ ಕೂರಿಸುತ್ತದೆ. ತೀರ್ಪು ಕೊಡಬೇಕಾದವರು ಜಾಗರೂಕರಾಗುತ್ತಾರೆ. ಊರಿನ ಮಾನ ಕಾಯಬೇಕು, ಬಂದವರು ಬೇಸರಪಡಬಾರದು, ತಮ್ಮ ಅಭಿರುಚಿ ಅಗ್ಗವೆನಿಸಬಾರದು ಎಂದೆಲ್ಲ ಲೆಕ್ಕಹಾಕಿ, ಯಾರೂ ಆಕ್ಷೇಪಿಸಲಾರದ ದೊಡ್ಡ ಹೆಸರೊಂದನ್ನು ಹೇಳಿಬಿಡುತ್ತಾರೆ. ಅದರ ಬದಲು ‘ಕಳೆದ ವಾರ ಹೊರಗೆ ಎಲ್ಲಿ ಊಟ ಮಾಡಿದಿರಿ? ಏನು ತೆಗೆದುಕೊಂಡಿರಿ?’ ಎಂದು ಕೇಳಿದರೆ ತೀರ್ಪಿನ ಭಾರವಿಲ್ಲ, ಕೇವಲ ನೆನಪಿನ ಕೆಲಸ. ಉತ್ತರದಲ್ಲಿ ಹೋಟೆಲಿನ ಹೆಸರಿನೊಂದಿಗೆ ಯಾವ ಹೊತ್ತು, ಯಾವ ತಿನಿಸು, ಎಷ್ಟು ಜನಸಂದಣಿ ಎಂಬ ವಿವರಗಳೂ ತಾವಾಗಿಯೇ ಬರುತ್ತವೆ.

ಒಂದು ನಗರದ ಬಸ್ ಡಿಪೋ ಎದುರು ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯ ಚಾಲಕರೊಬ್ಬರನ್ನು ನಾನು ಹೀಗೆಯೇ ಕೇಳಿದ್ದೆ.

“ಸರ್, ನಿನ್ನೆ ಮಧ್ಯಾಹ್ನ ಊಟ ಎಲ್ಲಿ ಮಾಡಿದಿರಿ?”

ಅವರು ನಕ್ಕು, ಪಕ್ಕದಲ್ಲಿದ್ದ ಚೀಲ ಸರಿಸಿ, ಮುಚ್ಚಳದ ಅಂಚು ನೆಗ್ಗಿಹೋಗಿದ್ದ ಸ್ಟೀಲ್ ಡಬ್ಬಿಯೊಂದನ್ನು ತೋರಿಸಿದರು. “ಇಲ್ಲೇ. ಮನೆಯದ್ದು.”

“ಡಬ್ಬಿ ತರದ ದಿನ?”

ಅವರ ಮುಖದ ನಗು ಬದಲಾಯಿತು. ಡಬ್ಬಿ ತರದ ದಿನಗಳು ಅಪರೂಪವೆಂದೂ, ಬಹುಶಃ ಅವರಿಗೆ ಇಷ್ಟವೆಂದೂ ಅನ್ನಿಸಿತು. “ಡಿಪೋ ಹಿಂದಿನ ಓಣಿ. ಬೋರ್ಡ್ ಇಲ್ಲ, ಹಸಿರು ಬಾಗಿಲು. ಒಂದೂವರೆ ದಾಟಿದರೆ ಮೀನು ಇರಲ್ಲ. ಅನ್ನ ಎರಡನೇ ಸಲ ಕೇಳಬೇಡಿ, ಅವರೇ ತಂದು ಹಾಕ್ತಾರೆ.”

ಬೋರ್ಡಿಲ್ಲದ ಆ ಹೋಟೆಲು ಯಾವ ನಕ್ಷೆಯಲ್ಲೂ ಇರಲಿಲ್ಲ. ಗಂಟೆ, ಬಾಗಿಲಿನ ಬಣ್ಣ, ಕೇಳಬೇಕಾದ ತಿನಿಸು, ಕೇಳಬಾರದ ಮಾತು ಎಲ್ಲವೂ ನಾಲ್ಕು ವಾಕ್ಯಗಳಲ್ಲಿ ಸಿಕ್ಕಿತು. ಹೋಟೆಲಿನ ಹೆಸರಿಗಿಂತ ಇಂಥ ವಿವರಗಳೇ ಶಿಫಾರಸಿನ ಪ್ರಾಮಾಣಿಕತೆಗೆ ಸಾಕ್ಷಿ, ಏಕೆಂದರೆ ಹೋಗದ ಜಾಗದ ಬಗ್ಗೆ ಎರಡನೇ ಸಲದ ಅನ್ನದ ಮಾತು ಯಾರಿಗೂ ಹೊಳೆಯುವುದಿಲ್ಲ.

ನೇರ ಪ್ರಶ್ನೆಗೆ ಉತ್ತರ ಬಾರದಿದ್ದರೆ ಇನ್ನೊಂದು ಉಪಾಯವಿದೆ. ಕೇಳುವುದನ್ನು ಬಿಟ್ಟು, ಪೇಟೆಯ ಮಧ್ಯದ ಹೆಸರಾಂತ ಹೋಟೆಲೊಂದಕ್ಕೆ ಹೋಗುವವರಿದ್ದೇವೆ ಎಂದು ಹೇಳಿ ಸುಮ್ಮನಾಗಿ. ತಿಳಿಯದವರಿಗೆ ಹೇಳಿಕೊಡುವುದರಲ್ಲಿರುವ ಸುಖಕ್ಕಿಂತ ತಪ್ಪು ತಿದ್ದುವುದರಲ್ಲಿರುವ ಸುಖ ದೊಡ್ಡದು, ‘ಅಯ್ಯೋ, ಅಲ್ಲಿಗಾ?’ ಎಂಬ ಉದ್ಗಾರ ಬಂತೆಂದರೆ ಎರಡನೆಯ ಪಟ್ಟಿ ತೆರೆದಂತೆಯೇ. ಪಕ್ಕದಲ್ಲಿ ಇನ್ನೊಬ್ಬರಿದ್ದು ಅವರು ಮೊದಲಿನವರ ಮಾತನ್ನು ಒಪ್ಪದಿದ್ದರೆ ಇನ್ನೂ ಒಳ್ಳೆಯದು. ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಗಾದೆ ಹೇಳುತ್ತದೆ. ಆದರೆ ಊಟದ ವಿಷಯದಲ್ಲಿ ಇಬ್ಬರು ಊರಿನವರ ನಡುವಿನ ಪುಟ್ಟ ಜಗಳವೊಂದು ಕೇಳುವವರಿಗೆ ಲಾಭವೇ. ಅವರು ಪರಸ್ಪರರನ್ನು ಸೋಲಿಸಲು ಒಂದೊಂದು ಹೋಟೆಲಿನ ಒಂದೊಂದು ಗುಣ ದೋಷವನ್ನೂ ಎತ್ತಿ ಆಡುತ್ತಾರೆ. ನೀವು ಮಧ್ಯೆ ಬಾಯಿ ಹಾಕದೆ ಕೇಳಿಸಿಕೊಂಡರೆ ಸಾಕು.

ಕೇಳುವ ಹೊತ್ತೂ ಮುಖ್ಯ. ಊಟಕ್ಕೆ ಒಂದು ಗಂಟೆ ಮೊದಲು, ಅವರಿಗೂ ಹಸಿವು ಶುರುವಾಗುವ ಸಮಯದಲ್ಲಿ ಕೇಳಿದ ಪ್ರಶ್ನೆಗೆ ಬಾಯಲ್ಲಿ ನೀರೂರಿಸಿಕೊಂಡೇ ಉತ್ತರಿಸುತ್ತಾರೆ.

ನಾಲ್ಕನೆಯ ಹೆಜ್ಜೆ: ಕೇಳಿದ ಮಾತನ್ನು ತೂಗಿ ನೋಡಿ

ಪ್ರಾಮಾಣಿಕವಾಗಿ ಹೇಳಿದ ಮಾತನ್ನೂ ಹೇಳಿದವರ ಅಳತೆಗೋಲಿನಲ್ಲೇ ಅರ್ಥಮಾಡಿಕೊಳ್ಳಬೇಕಾಗುತ್ತದೆ. ‘ಇಲ್ಲೇ ಹತ್ತಿರ’ ಎಂದರೆ ದಿನವೂ ನಡೆಯುವವರಿಗೆ ಎರಡು ಕಿಲೋಮೀಟರ್ ಇರಬಹುದು; ಆದ್ದರಿಂದ ದೂರವನ್ನು ನಿಮಿಷಗಳಲ್ಲಿ ಕೇಳಿ. ‘ನಮ್ಮ ಚಿಕ್ಕಂದಿನಿಂದ ಇದೆ’ ಎಂಬ ಮಾತಿನಲ್ಲಿ ಅರ್ಧ ರುಚಿ, ಅರ್ಧ ಬಾಲ್ಯ ಬೆರೆತಿರುತ್ತದೆ. ಹಳೆಯ ಹೋಟೆಲುಗಳನ್ನು ಕೀಳಾಗಿ ಕಾಣಬೇಕೆಂದಲ್ಲ, ಆದರೆ ಬಾಗಿಲ ಮೇಲಿನ ಹೆಸರು ಅದೇ ಇದ್ದು ಒಲೆಯ ಮುಂದಿನ ಕೈ ಬದಲಾಗಿರುವುದು ಸಾಧ್ಯ. ‘ಕೊನೆಯ ಸಲ ಹೋಗಿದ್ದು ಯಾವಾಗ’ ಎಂದು ಕೇಳುವುದಕ್ಕೆ ಸಂಕೋಚಪಡಬೇಡಿ.

ಇವೆಲ್ಲಕ್ಕಿಂತ ಹೆಚ್ಚು ಮೋಸ ಮಾಡುವ ಮಾತು ‘ಖಾರ ಏನೂ ಇಲ್ಲ’ ಎಂಬುದು. ಹೇಳಿದವರು ಸುಳ್ಳು ಹೇಳಿರುವುದಿಲ್ಲ, ಅವರಿಗೆ ನಿಜವಾಗಿಯೂ ಖಾರವೆನಿಸುವುದಿಲ್ಲ. ವಿಜ್ಞಾನದ ಲೆಕ್ಕದಲ್ಲಿ ಸಿಹಿ, ಹುಳಿ, ಉಪ್ಪು, ಕಹಿ ಮತ್ತು ಜಪಾನಿನ ಕಿಕುನಾಯೆ ಇಕೆಡಾ 1908ರಲ್ಲಿ ಗುರುತಿಸಿ ಹೆಸರಿಟ್ಟ ಉಮಾಮಿ (ಮಾಂಸದ ಸಾರು, ಅಣಬೆಗಳಲ್ಲಿರುವಂಥ ತುಂಬು ರುಚಿ) ಇವು ಮೂಲ ರುಚಿಗಳು. ಖಾರಕ್ಕೆ ಆ ಪಟ್ಟಿಯಲ್ಲಿ ಸ್ಥಾನವಿಲ್ಲ. ಮೆಣಸಿನಕಾಯಿಯಲ್ಲಿರುವ ಕ್ಯಾಪ್ಸೈಸಿನ್ ಎಂಬ ವಸ್ತು ಬಿಸಿ ಮತ್ತು ನೋವನ್ನು ಗ್ರಹಿಸುವ ನರಗಳ ಮೇಲಿನ ಗ್ರಾಹಕವನ್ನು ಕೆರಳಿಸುತ್ತದೆ. ಅಂದರೆ ಖಾರವೆಂಬುದು ಉರಿಯ ಸಂವೇದನೆ. 1997ರಲ್ಲಿ ಆ ಗ್ರಾಹಕವನ್ನು ಪತ್ತೆಹಚ್ಚಿದ ಡೇವಿಡ್ ಜೂಲಿಯಸ್ ಅವರು 2021ರ ವೈದ್ಯಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ದಿನವೂ ಖಾರ ತಿನ್ನುವವರಲ್ಲಿ ಈ ಉರಿಯ ಅನುಭವ ಕಡಿಮೆಯಾಗುತ್ತ ಬರುತ್ತದೆ. ಹೀಗಾಗಿ ಖಾರವಿದೆಯೇ ಎಂದು ಕೇಳುವ ಬದಲು ‘ನಿಮ್ಮ ಮನೆಯ ಐದು ವರ್ಷದ ಮಗು ಇದನ್ನು ತಿನ್ನುತ್ತದೆಯೇ’ ಎಂದು ಕೇಳುವುದು ಹೆಚ್ಚು ಉಪಯುಕ್ತ. ಅಷ್ಟಾಗಿಯೂ ಬಾಯಿ ಉರಿದರೆ ನೀರು ಕುಡಿದು ಫಲವಿಲ್ಲ, ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ. ಹಾಲು ಅಥವಾ ಮೊಸರು ಕೆಲಸ ಮಾಡುತ್ತದೆ.

ಇನ್ನೊಂದು ಮಾತು: ಶಿಫಾರಸನ್ನು ಹೋಟೆಲಿಗೆ ಅಂಟಿಸಿ ನೆನಪಿಡಬೇಡಿ, ತಿನಿಸಿಗೆ ಅಂಟಿಸಿ ನೆನಪಿಡಿ. ಒಂದು ಅಡುಗೆಮನೆ ಎಲ್ಲವನ್ನೂ ಚೆನ್ನಾಗಿ ಮಾಡುವುದು ಬಹಳ ವಿರಳ. ಬೆಳಗಿನ ತಿಂಡಿಗೆ ಜನ ಮುಗಿಬೀಳುವ ಹೋಟೆಲಿಗೆ ರಾತ್ರಿ ಹೋಗಿ ನಿರಾಶರಾದರೆ ತಪ್ಪು ಹೇಳಿದವರದ್ದಲ್ಲ.

ಐದನೆಯ ಹೆಜ್ಜೆ: ಮೊಬೈಲಿನ ನಕ್ಷತ್ರಗಳನ್ನು ಅವುಗಳ ಜಾಗದಲ್ಲಿಡಿ

ಜನರನ್ನು ಕೇಳಿ ಎರಡು ಮೂರು ಹೆಸರು ಸಿಕ್ಕಿದ ಮೇಲೆ ಮೊಬೈಲ್ ತೆರೆಯುವುದು ಸರಿಯಾದ ಕ್ರಮ. ಅಂತರ್ಜಾಲದ ಅಂಕಗಳ ಬೆನ್ನಿಗೆ ಹಣದ ಪ್ರಶ್ನೆಯಿದೆ ಎಂಬುದನ್ನು ಮರೆಯಬಾರದು. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಮೈಕೆಲ್ ಲೂಕಾ ಅವರು ಸಿಯಾಟಲ್ ನಗರದ ಹೋಟೆಲುಗಳ ಆದಾಯವನ್ನು ಯೆಲ್ಪ್ ಎಂಬ ತಾಣದ ಅಂಕಗಳೊಂದಿಗೆ ಹೋಲಿಸಿ 2011ರಲ್ಲಿ ಹೊರತಂದ ಅಧ್ಯಯನದಲ್ಲಿ, ಒಂದು ನಕ್ಷತ್ರ ಏರಿದರೆ ಆದಾಯ ಶೇಕಡಾ 5ರಿಂದ 9ರಷ್ಟು ಏರುತ್ತದೆ ಎಂದು ಕಂಡುಬಂದಿತು. ಈ ಪರಿಣಾಮ ದೊಡ್ಡ ಸರಣಿ ಹೋಟೆಲುಗಳಲ್ಲಿ ಕಾಣಲಿಲ್ಲ, ಸ್ವತಂತ್ರ ಹೋಟೆಲುಗಳಲ್ಲಿ ಮಾತ್ರ ಕಂಡಿತು. ಒಂದು ನಕ್ಷತ್ರಕ್ಕೆ ಇಷ್ಟು ಬೆಲೆಯಿರುವಾಗ ಅದನ್ನು ಕೊಂಡುಕೊಳ್ಳುವ ಆಸೆಯೂ ಹುಟ್ಟುತ್ತದೆ.

ಆ ಆಸೆ ಎಲ್ಲಿಯವರೆಗೆ ಹೋಗಬಹುದೆಂಬುದನ್ನು ಲಂಡನ್ನಿನ ಊಬಾ ಬಟ್ಲರ್ ಎಂಬ ಬರಹಗಾರ 2017ರಲ್ಲಿ ತೋರಿಸಿಕೊಟ್ಟರು. ಹಿಂದೆ ಹಣ ಪಡೆದು ಸುಳ್ಳು ವಿಮರ್ಶೆ ಬರೆದ ಅನುಭವವಿದ್ದ ಅವರು, ತಾವು ವಾಸವಿದ್ದ ಹಿತ್ತಲಿನ ಶೆಡ್ಡನ್ನೇ ‘ದಿ ಶೆಡ್ ಅಟ್ ಡಲ್ವಿಚ್’ ಎಂಬ ಹೆಸರಿನ ಹೋಟೆಲೆಂದು ಟ್ರಿಪ್‌ಅಡ್ವೈಸರ್ ತಾಣದಲ್ಲಿ ನಮೂದಿಸಿದರು. ಶೇವಿಂಗ್ ನೊರೆಯಂಥ ವಸ್ತುಗಳಿಂದ ಸಿದ್ಧಪಡಿಸಿದ ‘ಖಾದ್ಯ’ಗಳ ಫೋಟೋ ಹಾಕಿದರು, ಗೆಳೆಯರಿಂದ ಹೊಗಳಿಕೆ ಬರೆಸಿದರು, ಫೋನ್ ಮಾಡಿದವರಿಗೆಲ್ಲ ಮೇಜು ಖಾಲಿಯಿಲ್ಲ ಎಂದರು. ಒಬ್ಬ ಗಿರಾಕಿಗೂ ಒಂದು ತುತ್ತನ್ನೂ ಬಡಿಸದ ಆ ಹೋಟೆಲು ಆ ವರ್ಷದ ನವೆಂಬರಿನಲ್ಲಿ ಲಂಡನ್ನಿನ ಪಟ್ಟಿಯ ಮೊದಲ ಸ್ಥಾನಕ್ಕೇರಿತು.

ಆದರೂ ಮೊಬೈಲನ್ನು ದೂರ ಇಡಬೇಕಾಗಿಲ್ಲ. ಸರಾಸರಿ ಅಂಕ ನೋಡುವ ಬದಲು ಮೂರು ನಕ್ಷತ್ರ ಕೊಟ್ಟವರ ಮಾತನ್ನು ಓದಿ. ವಿಪರೀತ ಖುಷಿಯಾದವರೂ ವಿಪರೀತ ಕೋಪಗೊಂಡವರೂ ಬರೆಯಲು ಧಾವಿಸುತ್ತಾರೆ. ನಡುವೆ ನಿಂತವರು ‘ಊಟ ಚೆನ್ನಾಗಿತ್ತು, ಆದರೆ ನಲವತ್ತು ನಿಮಿಷ ಕಾಯಬೇಕಾಯಿತು’ ಎಂದು ಉಪಯೋಗಕ್ಕೆ ಬರುವಂತೆ ಬರೆಯುತ್ತಾರೆ. ಇತ್ತೀಚಿನ ಮೂರು ತಿಂಗಳಿನದನ್ನು ಮಾತ್ರ ಓದಿ, ಗಿರಾಕಿಗಳು ತೆಗೆದ ಮಸುಕು ಫೋಟೋಗಳನ್ನು ನೋಡಿ, ವಾರದ ರಜೆಯ ದಿನ ಯಾವುದೆಂದು ಖಚಿತಪಡಿಸಿಕೊಳ್ಳಿ. ಅಷ್ಟೇ ಅದರ ಕೆಲಸ.

ಮಿಷೆಲಿನ್ ಕೈಪಿಡಿಯ ನಕ್ಷತ್ರಗಳ ಜಾತಿಯೇ ಬೇರೆ. ಕಾರು ಇಟ್ಟುಕೊಂಡವರು ಹೆಚ್ಚು ಸುತ್ತಾಡಲಿ, ಟೈರು ಹೆಚ್ಚು ಸವೆಯಲಿ ಎಂಬ ವ್ಯಾಪಾರೀ ಬುದ್ಧಿಯಿಂದ ಫ್ರಾನ್ಸಿನ ಟೈರು ಕಂಪನಿಯೊಂದು 1900ರಲ್ಲಿ ಆರಂಭಿಸಿದ ಕೈಪಿಡಿ ಅದು. ಹೋಟೆಲುಗಳಿಗೆ ನಕ್ಷತ್ರ ಕೊಡುವ ಪದ್ಧತಿ 1926ರಲ್ಲಿ ಬಂದಿತು. ಅದರ ಪರೀಕ್ಷಕರು ಗುರುತು ಹೇಳಿಕೊಳ್ಳದೆ ಹೋಗಿ, ಬಿಲ್ಲು ಕೊಟ್ಟು ತಿಂದು ಬರುತ್ತಾರೆ. ಸಾಮಾನ್ಯರ ಜೇಬಿಗೆ ಹೊಂದುವುದು ಬೇಕಿದ್ದರೆ ಅದೇ ಕೈಪಿಡಿ 1997ರಿಂದ ‘ಬಿಬ್ ಗೂರ್ಮಾಂಡ್’ ಎಂಬ ಗುರುತಿನಡಿ ಮಿತವಾದ ಬೆಲೆಯ ಒಳ್ಳೆಯ ಹೋಟೆಲುಗಳನ್ನು ಹೆಸರಿಸುತ್ತಿದೆ. ನನ್ನ ಮಟ್ಟಿಗೆ ನಕ್ಷತ್ರಗಳಿಗಿಂತ ಅದೇ ಹೆಚ್ಚು ಉಪಯುಕ್ತ.

ಆರನೆಯ ಹೆಜ್ಜೆ: ಬಾಗಿಲಲ್ಲಿ ಎರಡು ನಿಮಿಷ ನಿಲ್ಲಿ

ಹೆಸರು ಸಿಕ್ಕಿತು, ಜಾಗ ತಲುಪಿದಿರಿ. ಕೂರುವ ಮೊದಲು ಕಣ್ಣು ಮೂಗುಗಳಿಗೆ ಕೆಲಸ ಕೊಡಿ. ಒಳಗಿರುವವರಲ್ಲಿ ಒಬ್ಬಂಟಿಯಾಗಿ ಉಣ್ಣುತ್ತಿರುವವರು ಎಷ್ಟು ಮಂದಿ ಎಂಬುದನ್ನು ನಾನು ಮೊದಲು ಎಣಿಸುತ್ತೇನೆ. ಗುಂಪಿನಲ್ಲಿ ಬಂದವರು ಹರಟೆಗೆ ಬಂದಿರಬಹುದು, ಒಬ್ಬರೇ ಬಂದವರು ಊಟಕ್ಕೇ ಬಂದಿರುತ್ತಾರೆ. ಅವರು ಮೆನು ನೋಡದೆ ಹೇಳಿದ್ದನ್ನು ಕೇಳಿಸಿಕೊಂಡರೆ ಇನ್ನೂ ಒಳ್ಳೆಯದು. ಬಾಗಿಲ ಹೊರಗೆ ಜನ ಕಾಯುತ್ತಿದ್ದರೆ ಸಾಲಿನ ಉದ್ದಕ್ಕಿಂತ ಅದು ಕರಗುವ ವೇಗವನ್ನು ಗಮನಿಸಿ. ಬೇಗ ಕರಗುವ ಸಾಲಿದ್ದಲ್ಲಿ ಅಡುಗೆ ಆಗಾಗ ಹೊಸದಾಗಿ ಇಳಿಯುತ್ತಿರುತ್ತದೆ.

ಇದು ಬರೀ ರುಚಿಯ ಮಾತಲ್ಲ. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ಉಷ್ಣತೆಯಲ್ಲಿ ಆಹಾರದಲ್ಲಿರುವ ಸೂಕ್ಷ್ಮಾಣುಗಳು ಬೇಗ ವೃದ್ಧಿಸುತ್ತವೆ. ಆದ್ದರಿಂದಲೇ ವಿಶ್ವ ಆರೋಗ್ಯ ಸಂಸ್ಥೆಯು ಬೇಯಿಸಿದ ಆಹಾರವನ್ನು ಕೋಣೆಯ ಉಷ್ಣತೆಯಲ್ಲಿ ಎರಡು ಗಂಟೆಗಿಂತ ಹೆಚ್ಚು ಬಿಡಬಾರದು, ಬಡಿಸುವವರೆಗೂ 60 ಡಿಗ್ರಿಗಿಂತ ಮೇಲೆ ಇಡಬೇಕು ಎಂದು ಸೂಚಿಸುತ್ತದೆ. ಬಡಿಸುವ ಪಾತ್ರೆಯಿಂದ ಆವಿ ಏಳುತ್ತಿದೆಯೇ, ಇಲ್ಲವೆ ಮೇಲೆ ಕೆನೆಗಟ್ಟಿ ತೆಳು ಪೊರೆ ಕುಳಿತಿದೆಯೇ ಎಂಬುದು ಬಾಗಿಲಿನಿಂದಲೇ ಕಾಣುತ್ತದೆ. ಬೇಯಿಸಿಟ್ಟ ಅನ್ನದ ಬಗ್ಗೆ ವಿಶೇಷ ಎಚ್ಚರ ಬೇಕು: ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಕುದಿಸಿದರೂ ಉಳಿದುಕೊಂಡು, ಅನ್ನ ಬೆಚ್ಚಗೆ ಹೆಚ್ಚು ಹೊತ್ತು ಕುಳಿತಾಗ ಮೊಳೆತು ವಿಷವನ್ನು ಉಂಟುಮಾಡಬಲ್ಲವು, ಅನಂತರ ಬಿಸಿಮಾಡಿದರೂ ವಾಂತಿ ತರುವ ಆ ವಿಷ ಹೋಗುವುದಿಲ್ಲ.

ಮೂಗಿಗೆ ಕಮಟು ಎಣ್ಣೆಯ ವಾಸನೆ ಬಡಿದರೆ ಕರಿದದ್ದನ್ನು ಮುಟ್ಟಬೇಡಿ. ಚಿಕ್ಕ ಅಡುಗೆಮನೆಗೆ ನೂರೈವತ್ತು ತಿನಿಸುಗಳ ಮೆನು ಇದ್ದರೆ ಅವೆಲ್ಲ ಇಂದು ಬೆಳಿಗ್ಗೆ ತಂದ ಸರಕಿನಿಂದ ಆಗುತ್ತಿವೆಯೆಂದು ನಂಬುವುದು ಕಷ್ಟ. ಕೆಲವು ನಗರಗಳಲ್ಲಿ ಸರ್ಕಾರಿ ತಪಾಸಣೆಯ ಫಲಿತಾಂಶ ಬಾಗಿಲಲ್ಲೇ ಅಂಟಿಸಿರುತ್ತದೆ: ನ್ಯೂಯಾರ್ಕಿನಲ್ಲಿ 2010ರಿಂದ ಎ, ಬಿ, ಸಿ ಅಕ್ಷರಗಳು, ಬ್ರಿಟನ್ನಿನ ಇಂಗ್ಲೆಂಡ್, ವೇಲ್ಸ್‌ಗಳಲ್ಲಿ 0ಯಿಂದ 5ರವರೆಗಿನ ಅಂಕಗಳು, ಡೆನ್ಮಾರ್ಕಿನಲ್ಲಿ ನಗುವ ಅಥವಾ ಮುನಿದ ಮುಖದ ಚಿತ್ರ. ಇವು ಸ್ವಚ್ಛತೆಯ ಅಳತೆ ಮಾತ್ರ, ರುಚಿಯದ್ದಲ್ಲ. ಆದರೆ ಕೆಳಗಿನ ಅಂಕ ಕಂಡರೆ ಎಷ್ಟೇ ಹಸಿವಿದ್ದರೂ ಮುಂದಿನ ಹೆಸರಿಗೆ ಹೋಗುವುದು ವಿವೇಕ.

ಏಳನೆಯ ಹೆಜ್ಜೆ: ಮೊದಲ ಸಲ ಕಡಿಮೆ ತರಿಸಿ

ಹೇಳಿದವರು ಹೆಸರಿಸಿದ ತಿನಿಸನ್ನು ತರಿಸಿ, ಅದರ ಜೊತೆ ಪಕ್ಕದ ಮೇಜಿನಲ್ಲಿ ಹೆಚ್ಚು ಕಾಣುತ್ತಿರುವ ಇನ್ನೊಂದನ್ನು ತರಿಸಿ, ಅಲ್ಲಿಗೆ ನಿಲ್ಲಿಸಿ. ಬಡಿಸುವವರನ್ನು ‘ಯಾವುದು ಚೆನ್ನಾಗಿದೆ’ ಎಂದು ಕೇಳಿದರೆ ‘ಎಲ್ಲವೂ’ ಎಂಬ ಉತ್ತರ ಖಚಿತ. ‘ಇವತ್ತು ಯಾವುದು ಹೆಚ್ಚು ಹೋಗುತ್ತಿದೆ’ ಎಂದು ಕೇಳಿದರೆ ಅವರು ಅಡುಗೆಮನೆಯ ಕಡೆ ಒಮ್ಮೆ ನೋಡಿ ನಿಜ ಹೇಳುತ್ತಾರೆ.

ಅಲರ್ಜಿ ಇರುವವರು ಮಾತ್ರ ಊರಿನವರ ಮಾತನ್ನು ನೆಚ್ಚಬಾರದು. ಹೋಟೆಲಿನವರನ್ನೇ, ಸಾಧ್ಯವಾದರೆ ಅಡುಗೆಯವರನ್ನೇ, ಕಡಲೆಕಾಯಿ, ಮೊಟ್ಟೆ, ಹಾಲು, ಎಳ್ಳು ಎಂದು ವಸ್ತುವಿನ ಹೆಸರು ಹಿಡಿದು ಕೇಳಬೇಕು. ಐರೋಪ್ಯ ಒಕ್ಕೂಟದ ದೇಶಗಳಲ್ಲಿ 14 ಬಗೆಯ ಅಲರ್ಜಿಕಾರಕ ವಸ್ತುಗಳ ಮಾಹಿತಿಯನ್ನು ಗಿರಾಕಿಗೆ ಒದಗಿಸುವುದು 2014ರ ಡಿಸೆಂಬರಿನಿಂದ ಹೋಟೆಲುಗಳಿಗೂ ಕಡ್ಡಾಯವಾಗಿದೆ. ಭಾಷೆ ಬಾರದ ಊರಿಗೆ ಹೋಗುವವರು ತಿನ್ನಬಾರದ ವಸ್ತುಗಳ ಹೆಸರನ್ನು ಅಲ್ಲಿನ ಭಾಷೆಯಲ್ಲಿ ಚೀಟಿಯ ಮೇಲೆ ಬರೆಸಿಕೊಂಡು ಹೋಗುವುದು ಕ್ಷೇಮ.

ಕೊನೆಯ ಹೆಜ್ಜೆ: ಹೇಳಿದವರಿಗೆ ಮರಳಿ ತಿಳಿಸಿ

ಊಟ ಮುಗಿದ ಮೇಲೆ ಎರಡು ಸಾಲು ಬರೆದಿಟ್ಟುಕೊಳ್ಳಿ: ಹೋಟೆಲು, ತಿನಿಸು, ಹೊತ್ತು, ತಿಂಗಳು, ವರ್ಷ. ಮುಂದೆ ನಿಮ್ಮನ್ನೇ ಯಾರಾದರೂ ಕೇಳಿದಾಗ ‘ಮೂರು ವರ್ಷದ ಹಿಂದೆ ಹೋಗಿದ್ದೆ’ ಎಂದು ಸೇರಿಸಿ ಹೇಳುವುದಕ್ಕೆ ಅದು ಬೇಕಾಗುತ್ತದೆ. ಹೇಗಿತ್ತೆಂದು ಹೇಳುವಾಗಲೂ ‘ಸೂಪರ್’ ಎಂದು ನಿಲ್ಲಿಸದೆ, ಹುಳಿ ಮುಂದಾಗಿತ್ತೇ, ಮೆತ್ತಗಿತ್ತೇ, ಗರಿಗರಿಯಾಗಿತ್ತೇ, ಎಷ್ಟು ಜನಕ್ಕೆ ಸಾಕಾಯಿತು ಎಂಬುದನ್ನು ಹೇಳಿದರೆ ಕೇಳಿದವರು ತಮ್ಮ ನಾಲಿಗೆಗೆ ಹೊಂದಿಸಿಕೊಂಡು ನೋಡಬಲ್ಲರು.

ಅದೇ ನಗರದಲ್ಲಿ ಇನ್ನೂ ಒಂದೆರಡು ದಿನ ಇರುವುದಾದರೆ ಹೆಸರು ಹೇಳಿದವರ ಬಳಿ ಮತ್ತೊಮ್ಮೆ ಹೋಗಿ, ಹೇಗಿತ್ತೆಂದು ತಿಳಿಸಿ. ಹೆಚ್ಚಿನವರು ಈ ಹೆಜ್ಜೆಯನ್ನು ಬಿಟ್ಟುಬಿಡುತ್ತಾರೆ. ನಾನು ಮರುದಿನ ಡಿಪೋ ಎದುರಿನ ಕಟ್ಟೆಗೆ ಹೋಗಿ, ಒಂದೂವರೆಗೆ ಹತ್ತು ನಿಮಿಷ ಮೊದಲೇ ತಲುಪಿದೆನೆಂದೂ, ಕೊನೆಯ ಎರಡು ತುಂಡು ಮೀನು ಸಿಕ್ಕಿತೆಂದೂ, ಅನ್ನ ಕೇಳಲಿಲ್ಲವೆಂದೂ, ಕೇಳದೆಯೇ ಬಂದಿತೆಂದೂ ಹೇಳಿದೆ. ಆ ಹಿರಿಯರು ಡಬ್ಬಿಯ ಮುಚ್ಚಳ ತಿರುಗಿಸುತ್ತಿದ್ದವರು ಕೈ ನಿಲ್ಲಿಸಿ, ಪಕ್ಕಕ್ಕೆ ಸರಿದು ಕಟ್ಟೆಯ ಮೇಲೆ ಜಾಗ ಮಾಡಿಕೊಟ್ಟರು. ಆಮೇಲೆ, ನಾನು ಕೇಳದಿದ್ದರೂ, ಸ್ವಲ್ಪ ಧ್ವನಿ ತಗ್ಗಿಸಿ ಎರಡನೆಯ ಹೋಟೆಲಿನ ದಾರಿ ಹೇಳತೊಡಗಿದರು: “ಇದು ಬೆಳಗ್ಗೆ ಮಾತ್ರ. ಆರಕ್ಕೆ ತೆಗೆದು ಎಂಟಕ್ಕೆ ಮುಚ್ತಾರೆ. ಸೋಮವಾರ ಹೋಗಬೇಡಿ, ಅವತ್ತು ತಮ್ಮ ಇರ್ತಾನೆ, ಅವನ ಕೈ ಅಷ್ಟಕ್ಕಷ್ಟೇ.”